ಪಾಲಕರು ಬೇಡ ಅನ್ನುವುದು ಪಾಠಕ್ಕೋ, ಹೆಸರಿಗೋ?

"ಲೈಂಗಿಕ ಶಿಕ್ಷಣದ ಕುರಿತು ಚರ್ಚೆ" ಎಂದು ಪಾಲಕರ ಸಭೆಗೆ ನೋಟಿಸು ಕಳಿಸಿದರೆ ಏನಾಗುತ್ತದೆ ಅನ್ನುವುದು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹೆಡ್‌ಮಾಸ್ತರರಿಗೆ ಚೆನ್ನಾಗಿ ಗೊತ್ತು. ತಾಯಂದಿರು ಬರುವುದಿಲ್ಲ. ಬಂದ ನಾಲ್ಕು ಜನ ಗಂಡಸರು ಬಾಗಿಲ ಹತ್ತಿರವೇ ನಿಂತಿರುತ್ತಾರೆ. ಅವರಲ್ಲಿ ಹಿರಿಯರೊಬ್ಬರು, "ಸರ, ಇದು ಹೇಳಿಕೊಡೂ ವಿಷಯ ಅಲ್ಲ ಬಿಡ್ರಿ, ವಯಸ್ಸಿಗೆ ಬಂದ ಮ್ಯಾಲೆ ತಾವ ತಿಳಕೊಳ್ತಾವು" ಅನ್ನುತ್ತಾರೆ. ಸಭೆ ಅಲ್ಲಿಗೆ ಮುಗಿಯಿತು. ಅದೇ ಪಾಲಕರನ್ನು "ಹುಡುಗ್ಯಾರ ಮುಟ್ಟಿನ ತ್ರಾಸು, ಮೊಬೈಲಿನಾಗ ಮಕ್ಕಳಿಗೆ ಆಗೂ ಮೋಸ, ಪೋಕ್ಸೊ ಕಾಯ್ದೆ" ಎಂದು ಕರೆಯಿರಿ (ಪೋಕ್ಸೊ ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ). ಬೆಂಚು ಸಾಲದೆ ಚಾಪೆ ಹಾಸಬೇಕಾಗುತ್ತದೆ. ಎರಡೂ ಸಭೆಯಲ್ಲಿ ಹೇಳುವುದು ಹೆಚ್ಚುಕಡಿಮೆ ಒಂದೇ ಪಾಠ.

ಹಾಗಾಗಿ "ನಮ್ಮ ಭಾಗದ ಪಾಲಕರು ಲೈಂಗಿಕ ಶಿಕ್ಷಣಕ್ಕೆ ವಿರೋಧ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಅವಸರದ ತೀರ್ಮಾನ. ಲೈಂಗಿಕ ಎಂಬ ಪದ ಕಿವಿಗೆ ಬಿದ್ದೊಡನೆ ಪಾಲಕರ ಕಣ್ಣ ಮುಂದೆ ಬರುವುದು ಗಂಡುಹೆಣ್ಣಿನ ಕೂಟ ಒಂದೇ. ಅದನ್ನು ಹದಿಮೂರು ವರ್ಷದ ಮಗಳಿಗೆ ಪರ ಗಂಡಸೊಬ್ಬ ಹೇಳಿಕೊಡುತ್ತಾನೆ ಎಂದರೆ ಯಾವ ತಾಯಿಗೂ ಎದೆ ಧಸಕ್ ಅನ್ನುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಆ ಪಾಠದಲ್ಲಿ ಏನಿದೆ ಎಂದು ಅವರಿಗೆ ಯಾರೂ ತೆರೆದು ತೋರಿಸದೆ ಇರುವುದರಲ್ಲಿ.

ಈ ನೆಲಕ್ಕೆ ಕಾಮದ ಮಾತು ಹೊಸತಲ್ಲ. ಹೋಳಿ ಹುಣ್ಣಿಮೆಗೆ ಓಣಿ ಓಣಿಯಲ್ಲಿ ಕಾಮಣ್ಣ ಕೂರುತ್ತಾನೆ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಮದುವೆಯಾಗಲಿ, ಮಕ್ಕಳಾಗಲಿ ಎಂದು ಹರಕೆ ಹೊರುವವರ ಸಾಲು ನಿಲ್ಲುತ್ತದೆ. ರಾಣೆಬೆನ್ನೂರಿನಲ್ಲಿ ಜೀವಂತ ಕಾಮ-ರತಿಯರನ್ನೇ ಕೂಡಿಸಿ ನಗಿಸುವ ಪಂದ್ಯ ನಡೆಯುತ್ತದೆ. ಆ ದಿನ ಬಾಯಿಗೆ ಲಗಾಮಿಲ್ಲ. ಮನೆಯಲ್ಲಿ ಹುಡುಗಿ ದೊಡ್ಡಾಕಿಯಾದರೆ ಓಣಿಗೆಲ್ಲ ಗೊತ್ತಾಗುವ ಹಾಗೆ ಸೀರೆ ಉಡಿಸಿ, ಉಡಿ ತುಂಬಿ, ಆರತಿ ಮಾಡುತ್ತಾರೆ. ಕೊಬ್ಬರಿ-ಬೆಲ್ಲ, ಅಂಟಿನ ಉಂಡಿ ತಿನ್ನಿಸುತ್ತಾರೆ. ಸೋಬಾನೆ ಪದ ಹಾಡುತ್ತಾರೆ. ನಡುವೆ ಕೂತ ಹುಡುಗಿಗೆ ಮಾತ್ರ ತನ್ನ ಮೈಯಲ್ಲಿ ಏನಾಯಿತೆಂದು ಯಾರೂ ಹೇಳಿರುವುದಿಲ್ಲ. "ಹೊರಗಾಗ್ಯಾಳ", "ಕಾಗಿ ಮುಟ್ಟೈತಿ" ಎಂಬ ಮಾತುಗಳು ಸಿಗುತ್ತವೆ, ರಕ್ತ ಎಲ್ಲಿಂದ ಬಂತು, ಯಾಕೆ ಬಂತು ಎಂಬುದು ಸಿಗುವುದಿಲ್ಲ. ಊರೆಲ್ಲ ಸಾರುವುದಕ್ಕೆ ಇಲ್ಲದ ನಾಚಿಕೆ ಮಗಳಿಗೆ ಒಂದು ಮಾತು ಹೇಳುವುದಕ್ಕೆ ಬರುತ್ತದೆ. ಅಜ್ಜಿ, ಅತ್ತಿಗೆ, ಸೋದರತ್ತೆ ಹೇಳುತ್ತಿದ್ದ ಕಾಲ ಒಂದಿತ್ತು ಅನ್ನುತ್ತಾರೆ. ಈಗ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದ ಅಪ್ಪ-ಅವ್ವನ ಮಕ್ಕಳು ಅಜ್ಜಿಯ ಹತ್ತಿರ ಇದ್ದಾರೆ ನಿಜ, ಆದರೆ ಅಜ್ಜಿಗೆ ಅವರ ಮೊಬೈಲಿನಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ.

ಸರಕಾರದ ಕಡೆಯಿಂದಲೂ ಈ ಹೆಸರಿನ ಹೆದರಿಕೆ ಕಡಿಮೆಯೇನಲ್ಲ. 2005ರಲ್ಲಿ ಕೇಂದ್ರ ಸರಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಂದಿತು. ಎಚ್‌ಐವಿ ತಡೆ ಅದರ ದೊಡ್ಡ ಗುರಿಯಾಗಿತ್ತು. ಕೈಪಿಡಿಯ ಚಿತ್ರಗಳ ಮೇಲೆ ಗದ್ದಲವೆದ್ದು 2007ರಲ್ಲಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು. ಕರ್ನಾಟಕವೂ ಅವುಗಳಲ್ಲಿ ಒಂದು. ಆಗ ಶಾಲಾ ಶಿಕ್ಷಣದ ಸಚಿವರಾಗಿದ್ದವರು ನಮ್ಮ ಭಾಗದ್ದೇ ಆದ ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಗೆದ್ದು ಬರುತ್ತಿದ್ದ ಬಸವರಾಜ ಹೊರಟ್ಟಿ. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದೇ ವರದಿ ಕೊಟ್ಟಿತು. ಆಮೇಲೆ ಅದೇ ವಿಷಯ ಬೇರೆ ಬೇರೆ ಬಟ್ಟೆ ತೊಟ್ಟು ಬರತೊಡಗಿತು. ಜೀವನ ಕೌಶಲ, ಕಿಶೋರ ಆರೋಗ್ಯ, ಶಾಲಾ ಆರೋಗ್ಯ ಎಂದೆಲ್ಲ. 2020ರ ಫೆಬ್ರುವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ 11 ವಿಷಯಗಳಿವೆ, ಶಾಲೆಗೆ ಇಬ್ಬರು ಶಿಕ್ಷಕರು, ವರ್ಷಕ್ಕೆ 24 ತಾಸು. ಸಂತಾನೋತ್ಪತ್ತಿ ಆರೋಗ್ಯ ಮತ್ತು ಎಚ್‌ಐವಿ, ಹಿಂಸೆಯಿಂದ ರಕ್ಷಣೆ, ಇಂಟರ್ನೆಟ್ಟಿನ ಸುರಕ್ಷಿತ ಬಳಕೆ ಮೂರೂ ಆ ಪಟ್ಟಿಯಲ್ಲೇ ಇವೆ. 2025ರ ಮಾರ್ಚ್‌ನಲ್ಲಿ ರಾಜ್ಯದ ಶಿಕ್ಷಣ ಸಚಿವ ಮಧು ಬಂಗಾರಪ್ಪ 8ರಿಂದ 12ನೇ ತರಗತಿಯವರೆಗೆ ಲೈಂಗಿಕ ಶಿಕ್ಷಣ ತರುವುದಾಗಿ ಹೇಳಿದಾಗ ಹಳೆಯ ಹೆಸರೇ ಮತ್ತೆ ಬಂತು, ಹಳೆಯ ವಾದವೂ ಜೊತೆಗೇ ಬಂತು.

ವಾದಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಪಾಲಕರು ಹೇಳುವ ಮಾತಿಗೂ ಅವರ ಒಳಗಿನ ಹೆದರಿಕೆಗೂ ಅಂತರವಿದೆ.

"ಹೇಳಿಕೊಟ್ರ ಮಾಡಾಕ ಹತ್ತತಾರ" ಅನ್ನುವುದು ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು. ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿ ಹೊರತಂದ ಮಾರ್ಗದರ್ಶಿಗಾಗಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಲಾಗಿತ್ತು. ಇಂಥ ಪಾಠದಿಂದ ಮಕ್ಕಳು ಬೇಗ ಸಂಬಂಧಕ್ಕೆ ಇಳಿಯುತ್ತಾರೆ ಎಂಬುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಮದುವೆಯವರೆಗೆ ದೂರವಿರಿ ಎಂದಷ್ಟೇ ಹೇಳುವ ಪಾಠದಿಂದ ಪ್ರಯೋಜನವಾಗಿಲ್ಲ ಎಂಬುದೂ ಕಂಡುಬಂತು. ಆದರೆ ಈ ಅಧ್ಯಯನಗಳನ್ನು ಸಭೆಯಲ್ಲಿ ಓದಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕೆಂದೂ ಇಲ್ಲ. ಮಕ್ಕಳಿಗೆ ಈಗ ಹೇಳಿಕೊಡುತ್ತಿರುವವರು ಯಾರು ಎಂದು ಕೇಳಿದರೆ ಸಭೆ ಸುಮ್ಮನಾಗುತ್ತದೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಕೊಡಿಸಿದ ಫೋನು ಇನ್ನೂ ಮಗನ ಕೈಯಲ್ಲೇ ಇದೆ. ತಿಳಿಯದೆ ಉಳಿಯುವ ಮಗು, ತಿಳಿದು ಕೆಡುವ ಮಗು ಎಂಬ ಎರಡೇ ದಾರಿ ಇದ್ದ ಕಾಲ ಮುಗಿದಿದೆ.

ಎರಡನೆಯ ಹೆದರಿಕೆಯನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ: ಮಗಳ ಹೆಸರು ಕೆಟ್ಟರೆ ಸಂಬಂಧ ಕೂಡುವುದಿಲ್ಲ. ಶಾಲೆ ಬಿಡಿಸುವುದು, ಬೇಗ ಮದುವೆ ಮಾಡುವುದು ಇದರಿಂದಲೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019-21) ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐದರಲ್ಲಿ ಒಬ್ಬಳು. ಅಂದರೆ ನಾವು ಪಾಠ ಬೇಡ ಅನ್ನುವ ವಯಸ್ಸಿನಲ್ಲೇ ಅವಳನ್ನು ಸಂಸಾರಕ್ಕೆ ಕಳಿಸುತ್ತಿದ್ದೇವೆ. ಹದಿನೇಳಕ್ಕೆ ಮಾಂಗಲ್ಯ ಕಟ್ಟಿಸಿಕೊಳ್ಳಬಹುದು, ಗರ್ಭ ಹೇಗೆ ನಿಲ್ಲುತ್ತದೆ ಎಂದು ಕೇಳಬಾರದು. ಬಾಲ್ಯವಿವಾಹ ತಡೆ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಮೊದಲಿಂದಲೇ ಅಸಿಂಧು, ಪೊಲೀಸರು ದೂರಿಗೆ ಕಾಯದೆ ತಾವಾಗಿ ಕ್ರಮ ಕೈಗೊಳ್ಳಬಹುದು. ಹಂದರ ಹಾಕುವಾಗ ಈ ಮಾತು ಯಾರಿಗೂ ನೆನಪಿರುವುದಿಲ್ಲ.

ಕಾನೂನಿನ ವಿಷಯದಲ್ಲಿ ಧಾರವಾಡಕ್ಕೆ ತನ್ನದೇ ಒಂದು ತೀರ್ಪಿದೆ. ಪ್ರೀತಿಸಿ 2017ರಲ್ಲಿ ಹುಡುಗನೊಂದಿಗೆ ಹೋದಾಗ ಹುಡುಗಿಗೆ 17 ವರ್ಷ. ಮನೆಯವರು ದೂರು ಕೊಟ್ಟರು, ಪೋಕ್ಸೊ ಪ್ರಕರಣವಾಯಿತು. ವಿಚಾರಣೆ ನಡೆಯುವಷ್ಟರಲ್ಲಿ ಅವರಿಬ್ಬರೂ ಮದುವೆಯಾಗಿ ಎರಡು ಮಕ್ಕಳಾಗಿದ್ದವು. ಆರೋಪಿಯ ಬಿಡುಗಡೆಯ ವಿರುದ್ಧ ಸರಕಾರ ಸಲ್ಲಿಸಿದ ಮೇಲ್ಮನವಿಯನ್ನು ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ತಳ್ಳಿಹಾಕಿತು. ಜೊತೆಗೆ, ಕನಿಷ್ಠ 9ನೇ ತರಗತಿಯಿಂದಲಾದರೂ ಮಕ್ಕಳಿಗೆ ಪೋಕ್ಸೊ ಕಾಯ್ದೆಯ ಅರಿವು ಕೊಡುವ ಪಠ್ಯ ಸಿದ್ಧಪಡಿಸಲು ಸಮಿತಿ ಮಾಡಿ ಎಂದು ಶಿಕ್ಷಣ ಇಲಾಖೆಗೆ ಹೇಳಿತು. ಒಪ್ಪಿಗೆಯ ವಯಸ್ಸನ್ನು ಕಾನೂನು ಆಯೋಗ ಮತ್ತೊಮ್ಮೆ ಯೋಚಿಸಲಿ ಎಂದೂ ಅಂದಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ 18ನ್ನೇ ಉಳಿಸಿ ಎಂದಿತು. ಹಾಗಾಗಿ ಇವತ್ತಿಗೂ ಪರಿಸ್ಥಿತಿ ಇದು: 18 ತುಂಬದ ಹುಡುಗಿ ತಾನಾಗಿ ಒಪ್ಪಿದಳು ಎಂಬ ಮಾತಿಗೆ ಪೋಕ್ಸೊದಲ್ಲಿ ಬೆಲೆಯಿಲ್ಲ. ಲೈಂಗಿಕ ಸಂಪರ್ಕ ಸಾಬೀತಾದರೆ ಶಿಕ್ಷೆ ಕನಿಷ್ಠ 10 ವರ್ಷ, ಹುಡುಗಿ 16ಕ್ಕಿಂತ ಚಿಕ್ಕವಳಾದರೆ ಕನಿಷ್ಠ 20 ವರ್ಷ. ಹದಿನಾರು ದಾಟಿದ ಹುಡುಗನ ಪ್ರಕರಣ ಬಾಲ ನ್ಯಾಯ ಮಂಡಳಿಯ ಪ್ರಾಥಮಿಕ ಪರಿಶೀಲನೆಯ ನಂತರ ದೊಡ್ಡವರ ಹಾಗೆ ವಿಚಾರಣೆಗೆ ಹೋಗಬಹುದು. ಪಾಲಕರ ಸಭೆಯಲ್ಲಿ ತಂದೆಯರನ್ನು ನೆಟ್ಟಗೆ ಕೂಡಿಸುವುದು ಈ ಮಾಹಿತಿಯೇ. ಅಲ್ಲಿಯವರೆಗೆ ಇದು "ಹುಡುಗ್ಯಾರ ವಿಷಯ" ಎಂದು ಅಂದುಕೊಂಡಿದ್ದವರಿಗೆ ಮಗನೂ ನೆನಪಾಗುತ್ತಾನೆ.

ಮಗನ ಮಾತು ಬಂದದ್ದಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ನಡೆದ ಕೆಲಸವೆಲ್ಲ ಹೆಚ್ಚಾಗಿ ಹುಡುಗಿಯರ ಕಡೆಗೇ ವಾಲಿದೆ. ಶುಚಿ ಯೋಜನೆಯ ಪ್ಯಾಡು ಅವರಿಗೆ, ಆಶಾ ಅಕ್ಕನ ಸಭೆ ಅವರಿಗೆ, ವೈದ್ಯೆ-ಲೇಖಕಿ ಅನುಪಮಾ ನಿರಂಜನ ಅವರ ಕಾಲದಿಂದ ಕನ್ನಡದಲ್ಲಿ ಬಂದ ತಿಳಿವಳಿಕೆಯ ಪುಸ್ತಕಗಳೂ ಬಹುಪಾಲು ಅವರಿಗೇ. ನರ್ಸಬಾಯಿ ಶಾಲೆಗೆ ಬಂದ ದಿನ ಹುಡುಗರನ್ನು ಆಟಕ್ಕೆ ಬಿಡುತ್ತಾರೆ. ಅವರು ಕಿಟಕಿಯಲ್ಲಿ ಇಣುಕಿ, ಮುಂದೆ ವರ್ಷವಿಡೀ ಅದನ್ನೇ ಚೇಷ್ಟೆ ಮಾಡುತ್ತಾರೆ. ಹುಡುಗನಿಗೆ ಪಾಠ ಸಿಗುವುದು ಬಸ್‌ಸ್ಟ್ಯಾಂಡಿನ ಮೂತ್ರಿಯ ಗೋಡೆಯ ಮೇಲೆ. "ಗುಪ್ತ ರೋಗ, ಧಾತು ದೌರ್ಬಲ್ಯ, ಸ್ವಪ್ನದೋಷಕ್ಕೆ ಖಾತ್ರಿ ಇಲಾಜು" ಎಂಬ ಚೀಟಿ, ಕೆಳಗೆ ಯಾವುದೋ ಲಾಜಿನ ರೂಮ್ ನಂಬರು. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಎಂದು ಗೆಳೆಯ ಹೇಳಿರುತ್ತಾನೆ. ರಾತ್ರಿ ಚಡ್ಡಿ ಒದ್ದೆಯಾದರೆ ತನ್ನ ಶಕ್ತಿ ಸೋರಿಹೋಯಿತು, ಮುಂದೆ ಮದುವೆಗೆ ತಾನು ಲಾಯಕ್ಕಿಲ್ಲ ಎಂದು ಒಂಬತ್ತನೇ ತರಗತಿಯ ಹುಡುಗ ಒಳಗೊಳಗೇ ಕೊರಗುತ್ತಾನೆ. ಊಟ ಬಿಡುತ್ತಾನೆ, ಓದು ಹತ್ತುವುದಿಲ್ಲ. ಮನೆಯವರು ದೃಷ್ಟಿ ತೆಗೆಸುತ್ತಾರೆ.

ಇದಕ್ಕೆ ಮನೋವೈದ್ಯರು ಇಟ್ಟ ಹೆಸರು ಧಾತ್ ಸಿಂಡ್ರೋಮ್. ಪದ ಬಳಕೆಗೆ ಬಂದದ್ದು 1960ರಲ್ಲಿ, ಡಾ. ಎನ್. ಎನ್. ವಿಗ್ ಅವರಿಂದ. ನಮ್ಮ ದೇಶದ್ದೇ ಕಾಯಿಲೆ ಅನ್ನಬಹುದು. ಹುಡುಗನಿಗೆ ಹೇಳಬೇಕಾದದ್ದು ಐದು ನಿಮಿಷದ ಮಾತು. ವೀರ್ಯ ರಕ್ತದಿಂದ ತಯಾರಾಗುವುದಿಲ್ಲ. ಅದರ ಬಹುಭಾಗ ಪ್ರಾಸ್ಟೇಟ್ ಮತ್ತು ವೀರ್ಯಕೋಶದ ಗ್ರಂಥಿಗಳ ದ್ರವ. ಒಂದು ಸಲಕ್ಕೆ ಹೋಗುವುದು 2ರಿಂದ 5 ಮಿಲಿಲೀಟರ್, ಹೆಚ್ಚೆಂದರೆ ಒಂದು ಚಹಾ ಚಮಚೆಯಷ್ಟು. ದೇಹ ಅದನ್ನು ದಿನವೂ ತಯಾರಿಸುತ್ತಲೇ ಇರುತ್ತದೆ. ನಿದ್ದೆಯಲ್ಲಿ ಹೋಗುವುದು ದೋಷವಲ್ಲ, ಮೈ ಬೆಳೆಯುತ್ತಿರುವ ಗುರುತು. ಮೂತ್ರ ಒಮ್ಮೊಮ್ಮೆ ಬೆಳ್ಳಗೆ ಕದಡಿದಂತೆ ಕಂಡರೆ ಹೆಚ್ಚಾಗಿ ಅದು ಫಾಸ್ಫೇಟ್ ಲವಣ, ವೀರ್ಯವಲ್ಲ. ಉರಿ, ಹುಣ್ಣು, ನೋವು ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಬೇಕು, ಅದೂ ಸರಕಾರಿ ಆಸ್ಪತ್ರೆಯಲ್ಲಿ, ಲಾಜಿನಲ್ಲಲ್ಲ. ಕೊರಗು ಹೆಚ್ಚಿ ನಿದ್ದೆ-ಊಟ ಕೆಟ್ಟಿದ್ದರೆ ಧಾರವಾಡದಲ್ಲಿ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಐದು ನಿಮಿಷದ ಮಾತನ್ನು ಯಾರೂ ಆಡದೆ ಹೋದದ್ದರಿಂದ ಆ ಗೋಡೆಯ ಚೀಟಿಗಳು ಇಷ್ಟು ವರ್ಷ ಬದುಕಿವೆ.

ಹುಡುಗಿಯರ ವಿಷಯದಲ್ಲಿ ತಪ್ಪುವುದು ಹೊತ್ತು. ಮುಟ್ಟು ಶುರುವಾದ ಮೇಲೆ ಹೇಳುತ್ತಾರೆ, ಹೇಳಬೇಕಾದದ್ದು ಮೊದಲು. ಹೆಚ್ಚಿನವರಿಗೆ ಹನ್ನೆರಡು-ಹದಿಮೂರಕ್ಕೆ ಬರುತ್ತದೆ, ಕೆಲವರಿಗೆ ಒಂಬತ್ತು-ಹತ್ತಕ್ಕೇ. ಹಾಗಾಗಿ 4-5ನೇ ತರಗತಿಯಲ್ಲೇ ಮಾತು ಶುರುವಾಗಬೇಕು, 8ನೇ ತರಗತಿಯ ವಿಜ್ಞಾನದ ಪಾಠಕ್ಕೆ ಕಾದರೆ ತಡ. ಹೆದರಿಕೆ ಎಲ್ಲಕ್ಕಿಂತ ಹೆಚ್ಚು ರಕ್ತದ್ದು. ಇಡೀ ಮುಟ್ಟಿನಲ್ಲಿ ಹೋಗುವುದು ಸುಮಾರು 30ರಿಂದ 40 ಮಿಲಿಲೀಟರ್. ಒಂದು ಬಟ್ಟಲಲ್ಲಿ ಕುಂಕುಮ ಕಲಸಿದ ನೀರನ್ನು ಚಹಾ ಚಮಚೆಯಿಂದ ಆರೇಳು ಸಲ ಹಾಕಿ ತೋರಿಸಿದರೆ ಹುಡುಗಿ ನಿಟ್ಟುಸಿರು ಬಿಡುತ್ತಾಳೆ. ಒಂದು ಚಮಚೆ ನೀರನ್ನು ಬಟ್ಟೆಯ ಮೇಲೆ ಚೆಲ್ಲಿದರೆ ಎಷ್ಟು ದೊಡ್ಡ ಕಲೆಯಾಗುತ್ತದೆ ಎಂದೂ ತೋರಿಸಬೇಕು, ಯಾಕೆಂದರೆ ಹೆದರಿಸುವುದು ಕಲೆಯ ಅಗಲ. ಪ್ಯಾಡನ್ನು ಚಡ್ಡಿಗೆ ಅಂಟಿಸಿ ತೋರಿಸಬೇಕು. ಅಂಟಿನ ಬದಿ ಮೇಲೆ ಮಾಡಿ ಹಾಕಿಕೊಂಡವರು ಇದ್ದಾರೆ, ನಗುವ ವಿಷಯವಲ್ಲ, ಯಾರೂ ತೋರಿಸಿಲ್ಲ ಅಷ್ಟೆ. 4ರಿಂದ 6 ತಾಸಿಗೊಮ್ಮೆ ಬದಲಿಸಬೇಕು. ಬಟ್ಟೆ ಬಳಸುವವರು ತಣ್ಣೀರಿನಲ್ಲಿ ನೆನೆಸಿ ಸಾಬೂನು ಹಚ್ಚಿ ತೊಳೆದು ಬಿಸಿಲಿಗೆ ಹಾಕಬೇಕು. ಬಿಸಿನೀರಿಗೆ ಕಲೆ ಕಚ್ಚಿಕೊಳ್ಳುತ್ತದೆ. ಕೆಡುವುದು ಒಣಗಿಸುವಲ್ಲಿ: ಗಂಡಸರ ಕಣ್ಣಿಗೆ ಬೀಳಬಾರದೆಂದು ಪರಕಾರದ ಕೆಳಗೆ, ಬಚ್ಚಲ ಮೂಲೆಯಲ್ಲಿ ಹಾಕಿ, ಅರೆ ಒಣಗಿದ್ದನ್ನೇ ಮತ್ತೆ ಬಳಸಿ ತುರಿಕೆ, ಸೋಂಕು ಹತ್ತಿಸಿಕೊಳ್ಳುತ್ತಾರೆ. ಮೊದಲ ಒಂದೆರಡು ವರ್ಷ 21ರಿಂದ 45 ದಿನದ ನಡುವೆ ಹಿಂದೆಮುಂದೆ ಬರುವುದು ಸಹಜ. ತಾಸಿಗೊಂದು ಪ್ಯಾಡು ತೊಯ್ದರೆ, ಏಳು ದಿನ ದಾಟಿದರೆ, ಹದಿನೈದು ತುಂಬಿದರೂ ಬಾರದಿದ್ದರೆ ಡಾಕ್ಟರು ನೋಡಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಸೋಮವಾರದ ನೀಲಿ ಕಬ್ಬಿಣದ ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡಿಕೊಂಡವರು "ಅದು ಮಕ್ಕಳಾಗದಂಗ ಮಾಡೂ ಗುಳಗಿ" ಎಂಬ ಸುದ್ದಿ ಹಬ್ಬಿಸುತ್ತಾರೆ. ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ಕೊಟ್ಟರೆ ಆ ತೊಂದರೆ ಬಹಳ ಕಡಿಮೆ. ಅದರಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಎಂದು ಪಾಲಕರಿಗೆ ಮೊದಲೇ ಹೇಳಿದರೆ ಸುದ್ದಿಯೂ ಕಡಿಮೆ.

ಮನೆಯಲ್ಲಿ ಹೇಗೆ ಹೇಳುವುದು? ಎದುರಾಬದುರು ಕೂಡಿಸಿ "ನಿನ್ ಜೊತಿ ಮಾತಾಡೂದೈತಿ" ಎಂದರೆ ಮಗು ಹೆದರಿ ಮುದುಡುತ್ತದೆ. ಕೈಗೆ ಕೆಲಸವಿದ್ದು ಕಣ್ಣಿಗೆ ಕಣ್ಣು ಕೂಡದ ಹೊತ್ತು ಒಳ್ಳೆಯದು. ಬ್ಯಾಡಗಿಯ ಕಡೆ ಮನೆಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುತ್ತ ಕೂತಾಗ, ಜೋಳ ಹಸನ ಮಾಡುವಾಗ, ತಲೆ ಬಾಚುವಾಗ. "ಯವ್ವಾ, ನಿಂಗೂ ಇನ್ ಸ್ವಲ್ಪ ದಿನದಾಗ ಮುಟ್ಟು ಬರ್ತೈತಿ. ಹೊಟ್ಟ್ಯಾಗ ಕೂಸು ಬೆಳಿಯೂ ಚೀಲ ಇರ್ತೈತಿ, ಅದು ತಿಂಗಳಿಗೊಮ್ಮೆ ಒಳಗಿನ ಪದರ ಬದಲಿ ಮಾಡ್ತೈತಿ, ಅದ ರಕ್ತ ಆಗಿ ಬರ್ತೈತಿ. ಸಾಲ್ಯಾಗ ಬಂದ್ರ ಅಂಜಬ್ಯಾಡ, ಅಕ್ಕೋರಿಗೆ ಹೇಳು" ಎಂಬಷ್ಟು ಸಾಕು. ಅವಳೇ ಮುಂದಿನದನ್ನು ಕೇಳುತ್ತಾಳೆ. ತಂದೆ-ಮಗನಿಗೆ ಬೈಕಿನ ಮೇಲೆ ಹೊಲಕ್ಕೆ ಹೋಗುವಾಗಿನ ಇಪ್ಪತ್ತು ನಿಮಿಷ. "ತಮ್ಮಾ, ನಿನ್ನ ವಯಸ್ಸಿನಾಗ ನಂಗೂ ಹಿಂಗ ಆಗಿತ್ತು" ಎಂದು ಅಪ್ಪ ಒಂದು ಮಾತು ಅಂದರೆ ಲಾಜಿನ ವೈದ್ಯನ ವ್ಯಾಪಾರ ಅರ್ಧ ಮುಳುಗಿದಂತೆ.

ಚಿಕ್ಕ ಮಕ್ಕಳಿಗೆ ಬೇಕಾದದ್ದು ಅಂಗಗಳ ಹೆಸರು. ಮೂರು-ನಾಲ್ಕು ವರ್ಷಕ್ಕೆ ಕಣ್ಣು, ಮೂಗು ಕಲಿಸುವಾಗಲೇ ಶಿಶ್ನ, ಯೋನಿ, ಗುದ ಎಂಬವನ್ನೂ ಕಲಿಸಬೇಕು ಎಂದರೆ ಪಾಲಕರು ಹೌಹಾರುತ್ತಾರೆ. ಮನೆ ಮಾತಿನಲ್ಲಿ ಗುಬ್ಬಿ, ಆ ಜಾಗಾ ಎನ್ನುವುದೇ ರೂಢಿ. ಆದರೂ ಪುಸ್ತಕದ ಹೆಸರು ಯಾಕೆ ಬೇಕು ಎಂಬುದಕ್ಕೆ ಕಾರಣ ಸರಳ. ಯಾರೋ ಕೈ ಹಾಕಿದಾಗ ಮಗು "ಹೊಟ್ಟಿ ನೋಯ್ತೈತಿ" ಅನ್ನುತ್ತದೆ, ಅವ್ವ ಓಮದ ನೀರು ಕುಡಿಸುತ್ತಾಳೆ. ಪೊಲೀಸರ ಮುಂದೆ, ಕೋರ್ಟಿನಲ್ಲಿ "ಗುಬ್ಬಿ ಮುಟ್ಟಿದರು" ಎಂಬ ಹೇಳಿಕೆಯ ಅರ್ಥ ಏನು ಎಂದು ವಾದ ಬೆಳೆಯುತ್ತದೆ. ಮನೆಯ ಹೆಸರು ಇರಲಿ, ಜೊತೆಗೆ ಪುಸ್ತಕದ ಹೆಸರೂ ಗೊತ್ತಿರಲಿ.

ಈಗ ಶಾಲೆಯ ಸಭೆಗೆ ಬರೋಣ. ಗೆಲ್ಲುವುದೂ ಸೋಲುವುದೂ ಅಲ್ಲೇ. ದಿನ ಆರಿಸುವುದರಿಂದಲೇ ಶುರು. ಸಂತೆಯ ದಿನ, ಬಿತ್ತಿಗೆಯ ಹೊತ್ತು ಬೇಡ. ಎತ್ತು ಹೂಡದ ಸೋಮವಾರವೋ ಅಮಾವಾಸ್ಯೆಯೋ ಆದರೆ ತಂದೆಯರೂ ಸಿಗುತ್ತಾರೆ. ತಾಯಂದಿರನ್ನು ಒಂದು ಕೋಣೆಯಲ್ಲಿ, ತಂದೆಯರನ್ನು ಇನ್ನೊಂದರಲ್ಲಿ ಮೊದಲ ಅರ್ಧ ತಾಸು ಬೇರೆ ಬೇರೆ ಕೂಡಿಸಬೇಕು. ಒಟ್ಟಿಗೆ ಕೂಡಿಸಿದರೆ ಮಾವನ ಎದುರು ಸೊಸೆ ಬಾಯಿ ತೆರೆಯುವುದಿಲ್ಲ. ಕಲಿಸುವ ವಿಷಯಗಳನ್ನು ಒಂದೇ ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ, ಆಡುಮಾತಿನಲ್ಲಿ ಬರೆದಿರಬೇಕು. ಒಂದೊಂದನ್ನೇ ಓದಿ, "ಇದು ಬೇಕೋ ಬೇಡೋ" ಎಂದು ಕೈ ಎತ್ತಿಸಬೇಕು. ಮೈಯಲ್ಲಿ ಆಗುವ ಬದಲಾವಣೆ, ಮುಟ್ಟು, ಒಳ್ಳೆಯ ಸ್ಪರ್ಶ-ಕೆಟ್ಟ ಸ್ಪರ್ಶ, ಮೊಬೈಲು, ಪೋಕ್ಸೊ, ಎಚ್‌ಐವಿ ಇವಕ್ಕೆ ಕೈಗಳು ಏಳುತ್ತವೆ. ತಡವರಿಸುವುದು ಗರ್ಭನಿರೋಧಕದ ಹತ್ತಿರ. ಆಗ 10ನೇ ತರಗತಿಯ ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿಯ ಪಾಠ ತೆರೆದು, "ಇದು ಪರೀಕ್ಷಾಕ್ಕ ಬರೂ ಪಾಠ, ಕಾಂಡೋಮು ಕಾಪರ್-ಟಿ ಇದರಾಗ ಐತಿ ನೋಡ್ರಿ" ಎಂದು ತೋರಿಸಿದರೆ ವಾದ ಅರ್ಧಕ್ಕೆ ಇಳಿಯುತ್ತದೆ. ಆ ಪಾಠವನ್ನು "ಮನ್ಯಾಗ ಓದ್ಕೊಳ್ರಿ" ಎಂದು ದಾಟಿಸುವ ಶಿಕ್ಷಕರು ಇರುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಬಳಸುವ ಚಿತ್ರ, ವಿಡಿಯೊ ಏನೇ ಇರಲಿ ಪಾಲಕರಿಗೆ ಮೊದಲು ತೋರಿಸಬೇಕು. 2007ರ ಗದ್ದಲ ಎದ್ದದ್ದು ಚಿತ್ರಗಳ ಮೇಲೆ ಎಂಬುದನ್ನು ಮರೆಯಬಾರದು. ಯಾರು ಕಲಿಸುತ್ತಾರೆ ಎಂದು ಹೆಸರು ಹೇಳಬೇಕು. ಹೊರಗಿನಿಂದ ಒಬ್ಬರು ಬಂದು ಒಂದು ತಾಸು ಭಾಷಣ ಮಾಡಿ ಶಾಲು ಹೊದೆಸಿಕೊಂಡು ಹೋಗುವ ಪದ್ಧತಿಯಿಂದ ಒಂದು ಫೋಟೊ ಬಿಟ್ಟರೆ ಏನೂ ಉಳಿಯುವುದಿಲ್ಲ.

ಮಕ್ಕಳ ಪ್ರಶ್ನೆಗೆ ಪೆಟ್ಟಿಗೆ ಇಡುವುದು ಒಳ್ಳೆಯ ಉಪಾಯ, ಆದರೆ ಅರ್ಧ ಕಡೆ ಕೆಡುತ್ತದೆ. ಇಷ್ಟ ಇದ್ದವರು ಬರೆಯಿರಿ ಎಂದರೆ ಬರೆಯುತ್ತಿರುವವರು ಎದ್ದು ಕಾಣುತ್ತಾರೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು ಕೊಟ್ಟು, ಪ್ರಶ್ನೆ ಇಲ್ಲದವರೂ "ಇಲ್ಲ" ಎಂದು ಬರೆದು ಮಡಚಿ ಹಾಕಬೇಕು. ಪೆಟ್ಟಿಗೆಯನ್ನು ತರಗತಿಯಲ್ಲೇ ಒಡೆದು ಓದಬಾರದು. ಅಕ್ಷರದ ಗುರುತು ಸಿಗುತ್ತದೆ, ಹೊಲಸು ಚೀಟಿ ಬಂದರೆ ಶಿಕ್ಷಕರೂ ತಬ್ಬಿಬ್ಬಾಗುತ್ತಾರೆ. ಹಿಂದಿನ ದಿನವೇ ಓದಿ, ಒಂದೇ ತೆರನಾದವನ್ನು ಕೂಡಿಸಿ, ತಮ್ಮ ಮಾತಿನಲ್ಲಿ ಬರೆದುಕೊಂಡು ಹೋಗಬೇಕು. ಚೀಟಿಯಲ್ಲಿ ಯಾವುದಾದರೂ ಮಗುವಿಗೆ ತೊಂದರೆಯಾಗುತ್ತಿರುವ ಸುಳಿವಿದ್ದರೆ ಅದನ್ನು ಬದಿಗಿಡಬೇಕು, ಅದು ಪಾಠದ ವಿಷಯವಲ್ಲ.

ಅಂಥ ಸುಳಿವು ಸಿಕ್ಕಾಗ ಮನೆಯಲ್ಲೂ ಶಾಲೆಯಲ್ಲೂ ಮೊದಲು ಬರುವ ಮಾತು "ಯಾರ ಮುಂದೂ ಹೇಳಬ್ಯಾಡ". ಕಾಯ್ದೆಯ ಪ್ರಕಾರ ಇದು ಅಪರಾಧ. ಗೊತ್ತಿದ್ದೂ ತಿಳಿಸದವರಿಗೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಶಿಕ್ಷೆಯಿದೆ. ಆದ್ದರಿಂದ "ಯಾರಿಗೂ ಹೇಳೂದಿಲ್ಲ" ಎಂದು ಮಗುವಿಗೆ ಮಾತು ಕೊಡಬಾರದು, "ನಿನಗ ಸಹಾಯ ಮಾಡವರಿಗಷ್ಟ ಹೇಳ್ತೇನಿ" ಅನ್ನಬೇಕು. ಎರಡನೆಯ ತಪ್ಪು, ಮಗುವನ್ನು ಜಳಕ ಮಾಡಿಸಿ ಬಟ್ಟೆ ಒಗೆದುಬಿಡುವುದು. ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ಕಿನಲ್ಲಿ ಬೆವತು ಬೂಸ್ಟು ಹಿಡಿಯುತ್ತದೆ. ಎಫ್‌ಐಆರ್ ಆಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬಹುದು. ಸರಕಾರಿ, ಖಾಸಗಿ ಯಾವುದೇ ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಎಚ್‌ಐವಿ ತಡೆಯುವ ಗುಳಿಗೆ 72 ತಾಸಿನೊಳಗೆ ಶುರುವಾಗಬೇಕು, 28 ದಿನ ತಪ್ಪದೆ ನುಂಗಬೇಕು. ಹುಡುಗಿಯನ್ನು ಮಹಿಳಾ ವೈದ್ಯರೇ ನೋಡಬೇಕು. ಮಗುವಿನ ಹೇಳಿಕೆ ತೆಗೆದುಕೊಳ್ಳುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮನೆಗೇ ಬಂದು ಬರೆದುಕೊಳ್ಳಬಹುದು. ಗರ್ಭ ನಿಂತಿದ್ದರೆ ಪಾಲಕರ ಒಪ್ಪಿಗೆಯೊಂದಿಗೆ 20 ವಾರದವರೆಗೆ ಒಬ್ಬ ವೈದ್ಯರ, 24 ವಾರದವರೆಗೆ ಇಬ್ಬರ ಅಭಿಪ್ರಾಯದ ಮೇಲೆ ತೆಗೆಸಬಹುದು. ಕಾನೂನು ಕ್ರಮಕ್ಕೆ ಹೆದರಿ ಗುಟ್ಟಾಗಿ ಯಾವುದೋ ಗುಳಿಗೆ ನುಂಗಿಸುವವರಿಗೆ ಒಂದು ಮಾತು ತಿಳಿದಿರಲಿ: ಅಪ್ರಾಪ್ತೆ ಮತ್ತು ಪಾಲಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಹೆಸರು ಬರೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಮಕ್ಕಳ ಸಹಾಯವಾಣಿ 1098. ಹುಡುಗಿಯ ಅಶ್ಲೀಲ ಫೋಟೊ ಗ್ರೂಪುಗಳಲ್ಲಿ ಹರಿದಾಡುತ್ತಿದ್ದರೆ ಸೈಬರ್ ಅಪರಾಧದ ಸಹಾಯವಾಣಿ 1930. ಅಂಥ ಫೋಟೊ ಮುಂದೆ ಕಳಿಸುವುದಿರಲಿ, ಅಳಿಸದೆ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಲೈಂಗಿಕ ಶಿಕ್ಷಣದ ಬಗೆಗಿನ ತಪ್ಪು ತಿಳಿವಳಿಕೆಗಳನ್ನು ಅದೇ ತೀರ್ಪು ಒಂದೊಂದಾಗಿ ಚರ್ಚಿಸಿದೆ.

ಇನ್ನು ಚೀಟಿಯ ಪೆಟ್ಟಿಗೆಯನ್ನು ಪಾಲಕರ ಸಭೆಯಲ್ಲೂ ಇಡಬೇಕು, ಅದೇ ಅಳತೆಯ ಚೀಟಿ, ಅದೇ ಪೆನ್ನು. ಬಿಳಿ ಸೆರಗು ಹೋಗುವುದು ರೋಗವೇ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಯಾಕೆ ಉರಿಯುತ್ತದೆ, ಆಪರೇಶನ್ ಮಾಡಿಸಿಕೊಂಡರೆ ಗಂಡಸಿನ ಶಕ್ತಿ ಹೋಗುತ್ತದೆಯೇ. ನಲವತ್ತು ದಾಟಿದವರಿಗೂ ಇವನ್ನು ಕೇಳಲು ಜಾಗವಿಲ್ಲ. ಮಕ್ಕಳಿಗೆ ಹೇಳಬೇಡಿ ಅನ್ನುವವರಲ್ಲಿ ಹಲವರಿಗೆ ತಮಗೇ ಯಾರೂ ಹೇಳಿಲ್ಲ. ಬರೆಯಲು ಬಾರದ ತಾಯಂದಿರಿಗೆ ಹೊರಗೆ ಬೇವಿನ ಗಿಡದ ಕೆಳಗೆ ಆಶಾ ಅಕ್ಕ ಕೂತು ಒಬ್ಬೊಬ್ಬರದೇ ಕೇಳಿ ಬರೆದುಕೊಡಲಿ. ಆ ಊರಿನವರಲ್ಲದ ಆಶಾ ಆದರೆ ಇನ್ನೂ ಒಳ್ಳೆಯದು.